ದುರ್ಬೀನಿಗೆ ಕಾಲು ಹುಡುಕಿದ ತಿಹೊಮಿರ್

ದುರ್ಬೀನು ಮಾಡುವುದು ಅಂಥ ದೊಡ್ಡ ವಿಷಯವೇನಲ್ಲ. ಎರಡು ಚಳಿಗಾಲ, ಒಂದು ನೆಲಮಾಳಿಗೆ, ಒಂದು ದಪ್ಪ ಗಾಜಿನ ಬಿಲ್ಲೆ, ಜೊತೆಗೆ ಗಂಡ ಎಲ್ಲಿದ್ದಾನೆ ಎಂದು ಕೇಳುವುದನ್ನೇ ಬಿಟ್ಟ ಹೆಂಡತಿ, ಇಷ್ಟಿದ್ದರೆ ಸಾಕು. ಕಷ್ಟವಿರುವುದು ಅದನ್ನು ಯಾವುದರ ಮೇಲೆ ನಿಲ್ಲಿಸಬೇಕು ಎಂಬುದರಲ್ಲಿ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮ ಕುಂಬಾರ ಬೀದಿಯ ತಿಹೊಮಿರ್ ದುರ್ಬೀನಿಗೆ ಕಾಲು ಹುಡುಕಲು ಹೋಗಿ ಹುಟ್ಟದ ಮಗನಿಗೆ ಪಾಯ ಹಾಕಿಸಿಕೊಂಡದ್ದನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಇದು ಎಂಬತ್ತನಾಲ್ಕನೇ ಇಸವಿಯ ಬೇಸಿಗೆಯ ಮಾತು. ಮೊರಾವಾ ನದಿಯ ದಂಡೆಯ ನಮ್ಮೂರಿನಲ್ಲಿ ಆಗ ಎರಡು ಕಾರ್ಖಾನೆಗಳಿದ್ದವು. ಒಂದು ಬೋಲ್ಟಿನದು, ಇನ್ನೊಂದು ಕಾಲುಚೀಲದ್ದು. ದೇಶಕ್ಕೆ ಬೇರೆ ಹೆಸರಿತ್ತು. ಬೀದಿಯಲ್ಲಿ ಯಾರ ಮನೆಯಲ್ಲಿ ಕಾಫಿ ಹುರಿದರೂ ಆರು ಮನೆಯವರು ‘ಸುಮ್ನೆ ಈ ಕಡೆ ಬಂದೆ’ ಎಂದು ಬಂದು ಕೂರುತ್ತಿದ್ದರು. ಈಗ ಎಲ್ಲಾದರೂ ಕಾಫಿ ಹುರಿದ ವಾಸನೆ ಬಂದರೆ ನಾನೇ ಕಿಟಕಿ ತೆಗೆದು ನೋಡುತ್ತೇನೆ. ಆಗ ಮಾತ್ರ ಇವರು ಯಾವಾಗ ಎದ್ದು ಹೋಗುತ್ತಾರೋ ಎಂದು ಗಡಿಯಾರ ನೋಡುತ್ತಿದ್ದೆವು, ಅದೂ ನಿಜ.

ತಿಹೊಮಿರ್ ಬೋಲ್ಟು ಕಾರ್ಖಾನೆಯ ಉಗ್ರಾಣದಲ್ಲಿದ್ದ. ನಾನು ಅವನ ಕೂಮ. ಅಂದರೆ ಅವನ ಮದುವೆಗೆ ಸಾಕ್ಷಿ ನಿಂತವನು, ಅವನ ಮಗಳಿಗೆ ಹೆಸರಿಟ್ಟವನು. ನಮ್ಮಲ್ಲಿ ಒಡಹುಟ್ಟಿದವನ ಜೊತೆ ಕೋರ್ಟು ಹತ್ತಬಹುದು, ಕೂಮನ ಜೊತೆ ದನಿ ಎತ್ತುವಂತಿಲ್ಲ. ಹೀಗಾಗಿ ಅವನು ಮಾಡಿದ ಎಲ್ಲ ತಲೆಹರಟೆಗಳಲ್ಲೂ ನಾನು ಟಾರ್ಚು ಹಿಡಿದು ನಿಂತಿದ್ದೇನೆ.

ಅವನದು ಬೆಳಿಗ್ಗೆ ಆರರಿಂದ ಎರಡರ ಪಾಳಿ. ಅವನ ಹೆಂಡತಿ ದೆಸಾಂಕಾಳದು ಕಾಲುಚೀಲದ ಕಾರ್ಖಾನೆಯಲ್ಲಿ ಎರಡೂವರೆಯಿಂದ ಹತ್ತೂವರೆಯ ಪಾಳಿ. ಗಂಡ ಹೆಂಡತಿ ದಿನಾ ಭೇಟಿಯಾಗುತ್ತಿದ್ದುದು ಬಸ್ ನಿಲ್ದಾಣದಲ್ಲಿ, ಮೂರು ನಿಮಿಷ. ಅವನು ಇಳಿಯುತ್ತಿದ್ದ, ಅವಳು ಹತ್ತುತ್ತಿದ್ದಳು, ನಡುವೆ ಮನೆಯ ಬೀಗದ ಕೈಯೂ ಒಂಬತ್ತು ವರ್ಷದ ಮಗಳು ಯಾಸ್ನಾಳೂ ಕೈ ಬದಲಾಗುತ್ತಿದ್ದರು. ಉಳಿದದ್ದು ಭಾನುವಾರ. ಭಾನುವಾರ ಮಧ್ಯಾಹ್ನ ಅತ್ತೆಯ ಜೊತೆ ಊಟ, ಊಟವಾದ ಮೇಲೆ ಕಾಫಿಯ ಜನ, ಕಾಫಿಯ ಜನ ಹೋದ ಮೇಲೆ ರಾಕಿಯಾದ, ಅಂದರೆ ಹಣ್ಣಿನ ಸಾರಾಯಿಯ ಜನ. ಎಲ್ಲ ಮುಗಿದು ಮೂವರೂ ಒಂದೇ ಕಡೆ, ಎಚ್ಚರವಾಗಿ, ಬೇರೆ ಯಾರೂ ಇಲ್ಲದೆ ಇರುತ್ತಿದ್ದುದು ರಾತ್ರಿ ಎಂಟರಿಂದ ಒಂಬತ್ತರವರೆಗೆ. ಒಂಬತ್ತಕ್ಕೆ ಯಾಸ್ನಾ ಮಲಗಬೇಕು. ಇಡೀ ವಾರದಲ್ಲಿ ಆ ಸಂಸಾರಕ್ಕಿದ್ದದ್ದು ಈ ಒಂದು ಗಂಟೆ.

ಆ ಒಂದು ಗಂಟೆಯಲ್ಲಿ ಹೆಂಡತಿಗೂ ಮಗಳಿಗೂ ಶನಿಗ್ರಹದ ಬಳೆ ತೋರಿಸುತ್ತೇನೆ ಎಂದು ತಿಹೊಮಿರ್ ಹೊರಟಿದ್ದ. ಶನಿಯನ್ನು ತಾವಾಗಿಯೇ ಮನೆಗೆ ಕರೆದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಎರಡು ಚಳಿಗಾಲ ನೆಲಮಾಳಿಗೆಯಲ್ಲಿ ಗಾಜು ಉಜ್ಜಿ ಕನ್ನಡಿ ಮಾಡಿದ್ದ, ಒಲೆಯ ಹೊಗೆಕೊಳವೆಯಂಥ ತಗಡಿನ ಕೊಳವೆಗೆ ಅದನ್ನು ಕೂರಿಸಿದ್ದ. ಇನ್ನು ಬೇಕಾದದ್ದು ಕಾಲು.

ಕಾಲಿನಲ್ಲಿ ಎರಡು ಪಂಥಗಳಿವೆಯಂತೆ. ಒಂದು ನೇರ ಪೀಠ. ಮೇಲೆ ಕೆಳಗೆ, ಆ ಕಡೆ ಈ ಕಡೆ ಕೈಯಲ್ಲಿ ತಳ್ಳಿಕೊಂಡು ನೋಡುವುದು. ಹಲಗೆಯ ಪೆಟ್ಟಿಗೆಯೊಂದನ್ನು ಮಾಡಿಕೊಂಡರೆ ಆಯಿತು. ಇನ್ನೊಂದು ಓರೆ ಪೀಠ. ಅದರ ಅಚ್ಚನ್ನು ಧ್ರುವ ನಕ್ಷತ್ರಕ್ಕೆ ಸರಿಯಾಗಿ ಗುರಿಯಿಟ್ಟು ಕೂರಿಸಿದರೆ ಆಮೇಲೆ ಒಂದು ತಿರುಪು ತಿರುಗಿಸುತ್ತ ಗ್ರಹದ ಹಿಂದೆಯೇ ಹೋಗಬಹುದು. ದೊಡ್ಡ ವೀಕ್ಷಣಾಲಯಗಳಲ್ಲಿ ಇರುವುದು ಇದು.

"ಸುಮ್ನೆ ಆ ಪೆಟ್ಟಿಗೆ ಮಾಡ್ಕೊಳಯ್ಯ, ಇರೋದೇ ಒಂದು ಗಂಟೆ," ಎಂದೆ ನಾನು.

"ಫಿರಂಗಿ ಥರ ತಳ್ಳೋದಾ? ಎರಡು ವರ್ಷ ಕನ್ನಡಿ ಉಜ್ಜಿದ್ದು ತಳ್ಳೋಕಾ ಕೂಮ?" ಎಂದ. ಅವನ ಮುಖ ನೋಡಿದರೆ ನಾನು ಅವನ ಮಗಳನ್ನು ಗುಜರಿಗೆ ಹಾಕು ಎಂದ ಹಾಗಿತ್ತು.

ಸರಿ, ಸರ್ವೇ ಕಚೇರಿಯ ಪರಿಚಯದವರಿಂದ ಒಂದು ಮುಕ್ಕಾಲಿ ಕಡ ತಂದ. ಅದರ ತಲೆಗೆ ಓರೆ ಅಚ್ಚು ಸಿಕ್ಕಿಸಿದ. ಆಗಸ್ಟ್ ತಿಂಗಳ ಮೂರನೇ ಭಾನುವಾರ ಎಂಟು ಗಂಟೆಗೆ ಸರಿಯಾಗಿ ಅಂಗಳಕ್ಕಿಳಿದೆವು. ಬೆಳಕು ಕಣ್ಣಿಗೆ ಹೊಡೆಯಬಾರದೆಂದು ಟಾರ್ಚಿಗೆ ದೆಸಾಂಕಾಳ ಕಾರ್ಖಾನೆಯ ಕೆಂಪು ಕಾಲುಚೀಲ ಹಾಕಿದ್ದೆವು. ತಾಯಿ ಮಗಳು ಬೆಂಚಿನ ಮೇಲೆ ಕೂತರು.

ಇಪ್ಪತ್ತು ನಿಮಿಷವಾದ ಮೇಲೆ ದೆಸಾಂಕಾ ಕೇಳಿದಳು, "ಏನು, ಧ್ರುವ ನಕ್ಷತ್ರ ಸಿಗ್ಲಿಲ್ವಾ?"

"ಸಿಕ್ತು. ಆದ್ರೆ ನಿಮ್ಮಮ್ಮನ ಚೆರ್ರಿ ಮರದ ಹಿಂದೆ ಇದೆ. ಮುಕ್ಕಾಲಿ ಸ್ವಲ್ಪ ಸರಿಸ್ಬೇಕು."

ಸರಿಸಿದರೆ ಒಂದು ಕಾಲು ಟೊಮೇಟೊ ಪಾತಿಗೆ ಇಳಿಯಿತು. ಮಟ್ಟ ತಪ್ಪಿತು. ಮಟ್ಟ ಸರಿಮಾಡುವಷ್ಟರಲ್ಲಿ ಧ್ರುವ ನಕ್ಷತ್ರ ತಪ್ಪಿತು. ಒಂಬತ್ತಕ್ಕೆ ಐದು ನಿಮಿಷವಿದ್ದಾಗ ‘ಆಯ್ತು’ ಎಂದು ನಿಟ್ಟುಸಿರು ಬಿಟ್ಟ. ತಿರುಗಿ ನೋಡಿದರೆ ಯಾಸ್ನಾ ಬೆಂಚಿನ ಮೇಲೆ ನಿದ್ದೆ ಹೋಗಿದ್ದಳು, ದೆಸಾಂಕಾ ಒಳಗೆ ಇಸ್ತ್ರಿ ಹಾಕುತ್ತಿದ್ದಳು, ಶನಿ ಪಕ್ಕದ ಮನೆಯ ಜಿವಾದಿನ್ ಮೇಸ್ತ್ರಿಯ ಮೂರನೇ ಮಹಡಿಯ ಹಿಂದೆ ಸರಿದಿತ್ತು. ನೋಡಲು ಉಳಿದವನು ನಾನೊಬ್ಬ. ಬಗ್ಗಿ ನೋಡಿದೆ, ಇಟ್ಟಿಗೆ ಕಂಡಿತು. ಬಹಳ ಸ್ಪಷ್ಟವಾಗಿದೆ ಎಂದೆ. ಕೂಮನಾದವನು ಇನ್ನೇನು ಹೇಳಬೇಕು.

ದೆಸಾಂಕಾ ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ತಿಹೊ, ಎರಡು ಚಳಿಗಾಲದ ಭಾನುವಾರ ಎಲ್ಲಾ ಆ ನೆಲಮಾಳಿಗೆಗೆ ಕೊಟ್ಟೆ. ನಾನು ಏನೂ ಅನ್ಲಿಲ್ಲ. ಮುಂದಿನ ಭಾನುವಾರ ಒಂದಿದೆ. ಆಮೇಲೆ ಚಳಿಗಾಲಕ್ಕೆ ಮೆಣಸಿನಕಾಯಿ ಸುಟ್ಟಿಡೋ ಕಾಲ, ಆಮೇಲೆ ಸ್ಕೂಲು. ಅವತ್ತೂ ಏನೂ ಕಾಣ್ಲಿಲ್ಲ ಅಂದ್ರೆ ಆ ಕೊಳವೆ ಒಲೆ ಮೇಲೆ ಹೋಗತ್ತೆ. ಆ ಒಂದು ಗಂಟೆ ನಾನು ವಾಪಸ್ ತಗೋತೀನಿ."

ಕೊಳವೆ ಹೋಗುವುದರ ಬಗ್ಗೆ ತಿಹೊಮಿರ್ ಅಷ್ಟು ಹೆದರಲಿಲ್ಲ. ಅವಳು ಅದನ್ನು ಬೈಯದೆ, ಮೆಲ್ಲಗೆ ಹೇಳಿದ್ದಳಲ್ಲ, ಅದಕ್ಕೆ ಹೆದರಿದ. ಶನಿ ಬೇರೆ ವಾರಕ್ಕಿಷ್ಟು ಎಂದು ಕೆಳಗಿಳಿಯುತ್ತಿತ್ತು. ಇನ್ನೊಂದು ಭಾನುವಾರ ದಾಟಿದರೆ ಕತ್ತಲಾಗುವ ಮೊದಲೇ ಮೇಸ್ತ್ರಿಯ ಮಹಡಿಯ ಹಿಂದೆ ಹೋಗಿಬಿಡುತ್ತಿತ್ತು.

ಸೋಮವಾರ ಮುಕ್ಕಾಲಿಯನ್ನು ಹಿಂದಿರುಗಿಸಿ ಬಂದವನೇ ಹೇಳಿದ, "ಕೂಮ, ಕಾಂಕ್ರೀಟ್ ಕಂಬ. ಒಂದ್ಸಲ ಧ್ರುವ ನಕ್ಷತ್ರಕ್ಕೆ ಗುರಿಯಿಟ್ಟು ಬೋಲ್ಟ್ ಹುಗಿದುಬಿಟ್ರೆ ಜೀವಮಾನ ಪೂರ್ತಿ ಅಲ್ಲಾಡಲ್ಲ. ಕೊಳವೆ ತಂದು ಬಿಗಿಯೋಕೆ ಎರಡು ನಿಮಿಷ. ಬುಧವಾರ ಹಾಕಿದ್ರೆ ಭಾನುವಾರಕ್ಕೆ ಒಣಗಿರತ್ತೆ." ಬೋಲ್ಟಿನವನಿಗೆ ಕಾಂಕ್ರೀಟು ಎಷ್ಟು ಗೊತ್ತಿರುತ್ತದೆಯೋ ಅವನಿಗೂ ಅಷ್ಟೇ ಗೊತ್ತಿತ್ತು.

ಮಂಗಳವಾರ ಸಂಜೆ ಅಂಗಳದಲ್ಲಿ ಎದೆಮಟ್ಟದ ಗುಂಡಿ ತೋಡಿ ನಾಲ್ಕು ಕಬ್ಬಿಣದ ಕಂಬಿ ನಿಲ್ಲಿಸಿದ. ಅದರ ತುದಿಗೆ ಓರೆಯಾಗಿ ಒಂದು ಕಬ್ಬಿಣದ ಹಲಗೆ, ಅದರಲ್ಲಿ ಬೋಲ್ಟುಗಳು. ಕೆಲಸ ಅಚ್ಚುಕಟ್ಟಾಗಿತ್ತು. ತಪ್ಪಾದದ್ದು ಒಂದೇ, ಅವನು ಅದನ್ನು ನಮ್ಮೂರಿನಲ್ಲಿ ಮಾಡಿದ್ದ.

ನಮ್ಮೂರಿನಲ್ಲಿ ಕಂಬಿ ನಿಲ್ಲಿಸಿದರೆ ಅದಕ್ಕಿರುವುದು ಒಂದೇ ಅರ್ಥ, ಮಗ. ಪ್ರತಿ ಮನೆಯ ತಾರಸಿಯ ಮೇಲೂ ನಾಲ್ಕು ಮೂಲೆಗೆ ಕಂಬಿಗಳು ತುಕ್ಕು ಹಿಡಿಯುತ್ತ ನಿಂತಿರುತ್ತವೆ. ಮಗ ದೊಡ್ಡವನಾಗಿ, ಮದುವೆಯಾಗಿ, ಅವನಿಗೊಂದು ಮಹಡಿ ಏರಿಸುವ ದಿನಕ್ಕಾಗಿ ಅವು ಕಾಯುತ್ತವೆ. ನನ್ನ ಮನೆಯ ಮೇಲೂ ಇದ್ದವು, ನನ್ನ ಹೆಂಡತಿ ಅದಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದಳು. ಈಗ ಒಬ್ಬಳೇ ಮಗಳಿರುವ ನಲವತ್ತೊಂದರ ಗಂಡಸು ಹೊಸದಾಗಿ ಕಂಬಿ ನಿಲ್ಲಿಸುತ್ತಾನೆ ಎಂದರೆ ಬೀದಿ ಏನು ತಿಳಿಯಬೇಕು?

ಮೊದಲು ತಿಳಿದುಕೊಂಡವರು ಅವನ ಅತ್ತೆ ಸ್ತಮೆನಾ. ಹಿತ್ತಿಲ ಬೇಲಿಯಾಚೆಯೇ ಅವರ ಮನೆ.

"ಏನು ಅಳಿಯ, ಕಂಬಿ ನಿಲ್ಲಿಸ್ತಾ ಇದ್ದೀಯ?"

"ದುರ್ಬೀನಿಗೆ ಅತ್ತೆ. ಶನಿ ನೋಡೋಕೆ."

"ನನ್ನ ಹತ್ರಾನೂ ಮುಚ್ಚಿಡ್ತೀಯ?"

"ಮುಚ್ಚಿಡೋದೇನಿದೆ? ಒಂದು ಕಂಬ, ಅಷ್ಟೇ. ಬೇಗ ಆಗ್ಬೇಕು ಅಂತ."

"ಬೇಗ ಅಂದ್ರೆ? ಎಷ್ಟು ದಿನ ಇದೆ?"

"ಭಾನುವಾರದ ಹೊತ್ತಿಗೆ ಆಗ್ಲೇಬೇಕು ಅತ್ತೆ. ದೆಸಾಂಕಾ ಹಾಗಂತ ಹೇಳಿಬಿಟ್ಟಿದ್ದಾಳೆ."

ಸ್ತಮೆನಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಕಣ್ಣೊರೆಸಿಕೊಂಡು, ನೇರವಾಗಿ ಬೇಕರಿಗೆ ಹೋದರು. ಮನೆಯಲ್ಲಿ ಬ್ರೆಡ್ಡು ಇತ್ತು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಬುಧವಾರ ಸಂಜೆ ತಿಹೊಮಿರ್ ಸಿಮೆಂಟು ಚೀಲ ಬಿಚ್ಚುವ ಹೊತ್ತಿಗೆ ಮೂರು ಜನ ಬಂದರು. ಬಂದವರಿಗೆ ರಾಕಿಯಾ ಕೊಡದೆ ಇರುವಂತಿಲ್ಲ. ಕೊಟ್ಟ ಮೇಲೆ ಕೂತು ಕುಡಿಯದೆ ಇರುವಂತಿಲ್ಲ. ಗುರುವಾರ ಏಳು ಜನ. ಅವರು ಗುಂಡಿಯ ಸುತ್ತ ನಿಂತು ಅವನ ಬೆನ್ನು ತಟ್ಟಿ ಕಣ್ಣು ಮಿಟುಕಿಸಿದರು. ದುರ್ಬೀನು ಎಂದು ಅವನು ಹೇಳಿದಾಗಲೆಲ್ಲ ಇನ್ನಷ್ಟು ಜೋರಾಗಿ ನಕ್ಕರು. ಶುಕ್ರವಾರ ಮೇಲಿನ ಬೀದಿಯಿಂದ ಒಬ್ಬರು ಮರದ ತೊಟ್ಟಿಲು ಹೊತ್ತು ತಂದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಕೇಳಿದ್ದೆ, ತೊಟ್ಟಿಲು ಬಂದದ್ದನ್ನು ಅಂದೇ ಕಂಡೆ.

"ಅದನ್ನ ಯಾಕೆ ತಗೊಂಡೆ?" ಎಂದು ಕೇಳಿದೆ.

"ಅಷ್ಟು ದೂರದಿಂದ ಹೊತ್ಕೊಂಡು ಬಂದಿದ್ರು ಕೂಮ," ಎಂದ. ಸಿಮೆಂಟು ಚೀಲ ಹಾಗೆಯೇ ಇತ್ತು.

ಶನಿವಾರ ಬೆಳಿಗ್ಗೆ ದೆಸಾಂಕಾ ನಮ್ಮ ಅಂಗಳಕ್ಕೆ ಬಂದಳು. ಕೂತುಕೊ ಎಂದರೂ ಕೂರಲಿಲ್ಲ.

"ಕೂರೋದು ಸಾಕಾಗಿದೆ. ನಿನ್ನೆ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ ನಂಗೆ ಕುರ್ಚಿ ಹಾಕ್ಸಿಕೊಟ್ಳು. ಹದಿಮೂರು ವರ್ಷ ನಿಂತ್ಕೊಂಡು ಹೆಣೆದಿದ್ದೀನಿ, ಒಬ್ರೂ ಕೂತ್ಕೋ ಅಂದಿರ್ಲಿಲ್ಲ. ನಾನು ಬಸುರಿಯಂತೆ ಕೂಮ. ನಾಲ್ಕನೇ ತಿಂಗಳಂತೆ. ಗಂಡು ಮಗು ಅಂತೆ."

ನಾನು ಕಾಫಿ ಬಗ್ಗಿಸಿ ಅವಳ ಕೈಗೆ ಕೊಟ್ಟೆ.

"ಬಸುರಿ ಆಗೋಕಾದ್ರೂ ಗಂಡ ಹೆಂಡ್ತಿ ಒಂದ್ಕಡೆ ಇರ್ಬೇಕಲ್ಲ," ಎಂದಳು. "ಬಸ್ ಸ್ಟಾಪಿನ ಮೂರು ನಿಮಿಷ ಸಾಕಾಗತ್ತಾ?" ಎಂದು ನಗಲು ಶುರುಮಾಡಿದಳು. ನನ್ನ ಹೆಂಡತಿಯೂ ನಕ್ಕಳು. ಆಮೇಲೆ ದೆಸಾಂಕಾ ನಗು ನಿಲ್ಲಿಸಿ ಕೈಯಲ್ಲಿದ್ದ ಲೋಟವನ್ನೇ ನೋಡುತ್ತ ಹೇಳಿದಳು, "ಶನಿ ಅಂದ್ರೆ ನಂಗೇನೂ ಅಷ್ಟು ಆಸೆ ಇಲ್ಲ ಕೂಮ. ಅವನು ಏನನ್ನೋ ನೋಡೋವಾಗ ನಾನು ಪಕ್ಕದಲ್ಲಿ ಇರ್ಬೇಕು, ಅಷ್ಟೇ. ಮದ್ವೆಗೆ ಮುಂಚೆ ಹಾಗೇ ಇದ್ವಲ್ಲ, ಹೊಳೆ ದಂಡೆ ಮೇಲೆ, ಏನೂ ಇಲ್ದೆ ಬರೀ ನೀರು ನೋಡ್ಕೊಂಡು. ನಾಳೆ ಆ ಗಂಟೆ ನಂಗೆ ಬೇಕು."

ಅದೇ ದಿನ ಮಧ್ಯಾಹ್ನ ಪುರಸಭೆಯ ಕಟ್ಟಡ ತನಿಖಾಧಿಕಾರಿ ಒಬ್ರಾದ್ ಬಂದ. ಅವನ ಸ್ವಂತ ಮನೆಯ ಎರಡು ಮಹಡಿಗೆ ಪರವಾನಗಿ ಇರಲಿಲ್ಲವಾದ್ದರಿಂದ ಕಾನೂನು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗುಂಡಿಯನ್ನು ಸುತ್ತಿ ಬಂದು ಕಂಕುಳಿನಿಂದ ಕಡತ ತೆಗೆದ.

"ಯಾರಿಗೆ ಕಟ್ತಾ ಇದ್ದೀರಿ?"

"ಶನಿಗ್ರಹಕ್ಕೆ, ಕಾಮ್ರೇಡ್."

ಒಬ್ರಾದ್ ಪೆನ್ನು ಕೆಳಗಿಳಿಸಿದ. "ನೋಡಿ ಕಾಮ್ರೇಡ್ ತಿಹೊಮಿರ್, ಇಪ್ಪತ್ತು ವರ್ಷ ಸರ್ವೀಸಿನಲ್ಲಿ ನಂಗೆ ಜನ ಏನೇನೋ ಹೇಳಿದ್ದಾರೆ. ಕೋಳಿ ಗೂಡು ಅಂತಾರೆ, ಬೇಸಿಗೆ ಅಡಿಗೆಮನೆ ಅಂತಾರೆ. ಒಬ್ಬ ಮೂರು ಕೋಣೆ ಕಟ್ಟಿ ನನ್ನ ಸಮಾಧಿ ಅಂದ, ಕಿಟಕಿಗೆ ಪರದೆ ಬೇರೆ ಹಾಕಿದ್ದ. ನಾನು ಎಲ್ಲಾನೂ ಬರ್ಕೊಂಡಿದ್ದೀನಿ. ಗ್ರಹಕ್ಕೆ ಅಂತ ಯಾರೂ ಹೇಳಿರ್ಲಿಲ್ಲ. ನೀವು ನಂಗೆ ಅವಮಾನ ಮಾಡ್ತಾ ಇದ್ದೀರಿ."

"ನಿಜವಾಗ್ಲೂ ಕಾಮ್ರೇಡ್. ಕೊಳವೆ ಒಳಗಿದೆ, ತೋರಿಸ್ಲಾ?"

ಕೊಳವೆ ತಂದು ತೋರಿಸಿದ. ಒಬ್ರಾದನ ಮುಖ ತಿಳಿಯಾಯಿತು. "ಇದನ್ನ ಮೊದ್ಲೇ ಹೇಳ್ಬಾರ್ದಾ? ಹೊಗೆ ಕೊಳವೆ," ಎಂದು ಬರೆದುಕೊಂಡ. "ಮಾಂಸ ಒಣಗಿಸೋ ಹೊಗೆಮನೆ. ಅದಕ್ಕೆ ಪರವಾನಗಿ ಬೇಡ. ಮಗ ಹುಟ್ಟಿದಾಗ ಹಂದಿ ತೊಡೆ ಬೇಕಾಗತ್ತೆ ಅಲ್ವಾ, ಮುಂದಾಲೋಚನೆ ಇರೋ ಮನುಷ್ಯ ನೀವು." ಎರಡು ಲೋಟ ರಾಕಿಯಾ ಕುಡಿದು ಬೆನ್ನು ತಟ್ಟಿ ಹೋದ.

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಬೀದಿಯೇ ನಡುಗುವಂತೆ ಸದ್ದಾಯಿತು. ಕಿಟಕಿ ತೆಗೆದರೆ ಜಿವಾದಿನ್ ಮೇಸ್ತ್ರಿ ಕಾಂಕ್ರೀಟ್ ಮಿಕ್ಸರನ್ನು ಎಳೆದುಕೊಂಡು ಬರುತ್ತಿದ್ದ. ಹಿಂದೆ ಇಪ್ಪತ್ತೆರಡು ಜನ, ಭುಜದ ಮೇಲೆ ಸನಿಕೆ. ಒಂದು ಗಾಡಿ ಜಲ್ಲಿ. ಕೊನೆಗೆ ಸ್ತಮೆನಾ, ಬುಟ್ಟಿಯಲ್ಲಿ ಕೆಂಪು ಹುಂಜ.

ಇದಕ್ಕೆ ಇಲ್ಲವೆನ್ನುವ ಶಕ್ತಿ ನಮ್ಮಲ್ಲಿ ಯಾರಿಗೂ ಇಲ್ಲ. ಬೀದಿಯಲ್ಲಿ ಒಬ್ಬ ಪಾಯ ಹಾಕಿದರೆ, ತಾರಸಿ ಹಾಕಿದರೆ, ಉಳಿದವರು ಕರೆಯದೆ ಹೋಗಿ ಕೈಹಚ್ಚಬೇಕು. ಅವರು ಹಾಕುವಾಗ ಇವನು ಹೋಗಬೇಕು. ಇಪ್ಪತ್ತು ವರ್ಷದಲ್ಲಿ ತಿಹೊಮಿರ್ ಬೀದಿಯ ಪ್ರತಿ ತಾರಸಿಗೂ ಬಾಂಡಲಿ ಹೊತ್ತಿದ್ದ. ಈಗ ಅವರ ಸರದಿ. ಬಂದವರನ್ನು ವಾಪಸು ಕಳಿಸಿದರೆ ಮುಖಕ್ಕೆ ಉಗಿದ ಹಾಗೆ.

ಮೇಸ್ತ್ರಿಗೆ ಮಾತ್ರ ಸ್ವಲ್ಪ ಕೋಪವಿತ್ತು. "ಪಕ್ಕದ್ಮನೇಲ್ ಮೇಸ್ತ್ರಿ ಇಟ್ಕೊಂಡು ನೀನೇ ಪಾಯ ತೋಡ್ತೀಯ? ಅದೂ ಒಂದು ಕಂಬಕ್ಕೆ? ಒಂದು ಕಂಬದ ಮೇಲೆ ಮನೆ ನಿಲ್ಲತ್ತೇನಯ್ಯ?"

"ಮನೆ ಅಲ್ಲ ಮೇಸ್ತ್ರಿ, ದುರ್ಬೀನು."

"ದುರ್ಬೀನು ಆದ್ರೂ ನಾಲ್ಕು ಮೂಲೆ ಬೇಕು," ಎಂದ ಮೇಸ್ತ್ರಿ. ಅಲ್ಲಿಗೆ ಚರ್ಚೆ ಮುಗಿಯಿತು.

ಎಂಟು ಗಂಟೆಯೊಳಗೆ ಇನ್ನು ಮೂರು ಗುಂಡಿ ಬಿದ್ದವು. ಪಾಯಕ್ಕೆ ರಕ್ತ ಬೀಳದಿದ್ದರೆ ಗೋಡೆ ಬಿರಿಯುತ್ತದೆ ಎಂದು ಸ್ತಮೆನಾ ಹುಂಜವನ್ನು ತೆಗೆಯುವಷ್ಟರಲ್ಲಿ ಬುಟ್ಟಿ ಬರಿದಾಗಿತ್ತು. ಯಾಸ್ನಾ ಕೈ ಹಿಂದೆ ಕಟ್ಟಿಕೊಂಡು ಮೋಡ ನೋಡುತ್ತ ನಿಂತಿದ್ದಳು. ಬದಲಿಗೆ ಪಾಯಕ್ಕೆ ರಾಕಿಯಾ ಹೊಯ್ದರು, ಅದು ರಕ್ತಕ್ಕಿಂತ ಗಟ್ಟಿ ಎಂದು ಮೇಸ್ತ್ರಿಯೇ ತೀರ್ಪು ಕೊಟ್ಟ. ಹನ್ನೊಂದರ ಹೊತ್ತಿಗೆ ನಾಲ್ಕು ಕಂಬ ಎದ್ದು ನಿಂತಿದ್ದವು. ಮೇಸ್ತ್ರಿ ರಸಮಟ್ಟ ಒರೆಸಿಕೊಳ್ಳುತ್ತ ಬಂದು ತಿಹೊಮಿರನ ಹೆಗಲ ಮೇಲೆ ಕೈಹಾಕಿದ.

"ನಿನ್ನ ಕಂಬದ ತಲೆ ಮೇಲಿನ ಹಲಗೆ ಪೂರ್ತಿ ಓರೆಯಾಗಿತ್ತು. ನಾನೇ ಬಡಿದು ನೇರ ಮಾಡಿದ್ದೀನಿ. ಇನ್ನು ಮೂರು ವಾರ ಕೈ ಹಚ್ಬೇಡ, ಕ್ಯೂರಿಂಗ್ ಆಗ್ಬೇಕು. ನೀರು ಹೊಯ್ತಾ ಇರು."

ತಿಹೊಮಿರ್ ‘ಬಹಳ ಉಪಕಾರ ಆಯ್ತು ಮೇಸ್ತ್ರಿ’ ಎಂದ. ಆಮೇಲೆ ನನ್ನ ಪಕ್ಕ ಬಂದು ನಿಂತ. "ಧ್ರುವ ನಕ್ಷತ್ರದ ಗುರಿ ಹೋಯ್ತು ಕೂಮ," ಎಂದ.

ದುಡಿದವರಿಗೆ ಊಟ ಹಾಕಬೇಕು. ಇಡೀ ಕುರಿಮರಿ, ಎಲೆಕೋಸಿನ ಸುರುಳಿ, ಹುಳಿ ಸಾರು, ಸೌತೆಕಾಯಿ, ಗಟ್ಟಿ ಮೊಸರು. ದೆಸಾಂಕಾ ತನ್ನ ಒಂದೇ ಭಾನುವಾರದಲ್ಲಿ ಬೆಳಗಿನಿಂದ ಒಲೆಯ ಮುಂದೆ ನಿಂತಿದ್ದಳು. ಅವಳು ಭಾರ ಎತ್ತಬಾರದೆಂದು ಹೆಂಗಸರು ಓಡಿ ಬಂದು ಕೈಯಿಂದ ಪಾತ್ರೆ ಕಿತ್ತುಕೊಳ್ಳುತ್ತಿದ್ದರು, ಕಿತ್ತುಕೊಂಡು ಎಲ್ಲಿಡಬೇಕೆಂದು ಅವಳನ್ನೇ ಕೇಳುತ್ತಿದ್ದರು. ಮೂರು ಗಂಟೆಗೆ ಕೂತ ಜನ ಏಳೂವರೆಯಾದರೂ ಏಳಲಿಲ್ಲ. ತನಿಖಾಧಿಕಾರಿ ಒಬ್ರಾದ್ ಸಹ ಕುರಿಮರಿಯ ವಾಸನೆ ಹಿಡಿದು ತಪಾಸಣೆಗೆ ಬಂದು ಮೇಜಿನ ತುದಿಯಲ್ಲಿ ಕೂತಿದ್ದ. ಅತಿಥಿ ಏಳುವವರೆಗೆ ಮನೆಯವರು ಕೂರುವಂತಿಲ್ಲ, ಅತಿಥಿಗೆ ಸಿಕ್ಕಿದ ಮೇಲೆ ಮನೆಯವರಿಗೆ. ಇದು ನಮ್ಮಲ್ಲಿ ಹುಡುಗಿಯರಿಗೂ ಗೊತ್ತಿರುವ ಪಾಠ. ಯಾಸ್ನಾ ಬ್ರೆಡ್ಡಿನ ಬುಟ್ಟಿ ಹಿಡಿದು ಓಡಾಡುತ್ತಿದ್ದಳು.

ಎಂಟು ಗಂಟೆಗೆ ತಿಹೊಮಿರ್ ಕೊಳವೆಯನ್ನು ಅಪ್ಪಿಕೊಂಡು ಹೊರಗೆ ಬಂದ. ಮುಕ್ಕಾಲಿ ವಾಪಸು ಹೋಗಿತ್ತು. ಕಂಬ ಹಸಿಯಾಗಿತ್ತು, ಹಸಿಯಲ್ಲದಿದ್ದರೂ ನೇರವಾಗಿತ್ತು. ನೈಋತ್ಯದಲ್ಲಿ ಶನಿ ಮೇಸ್ತ್ರಿಯ ಮಹಡಿಗೆ ನಾಲ್ಕು ಬೆರಳು ಮೇಲೆ ಹೊಳೆಯುತ್ತಿತ್ತು. ಅವನು ಅಂಗಳವನ್ನೆಲ್ಲ ಒಮ್ಮೆ ನೋಡಿದ. ತೊಳೆದಿಟ್ಟ ಮಿಕ್ಸರ್ ಬಾಯಿ ತೆರೆದುಕೊಂಡು ನಿಂತಿತ್ತು. ಅದರ ಡ್ರಮ್ಮು ಚಕ್ರ ತಿರುಗಿಸಿದರೆ ಮೇಲೆ ಕೆಳಗೆ ಬಾಗುತ್ತದೆ. ಕೆಳಗೆ ಗಾಲಿ ಇರುವುದರಿಂದ ಆ ಕಡೆ ಈ ಕಡೆ ತಳ್ಳಬಹುದು. ಫಿರಂಗಿಗೂ ಅದಕ್ಕೂ ಏನೂ ವ್ಯತ್ಯಾಸವಿರಲಿಲ್ಲ.

"ಕೂಮ, ಕಂಬಳಿ ತಗೊಂಡು ಬಾ," ಎಂದ.

ಡ್ರಮ್ಮಿನೊಳಗೆ ಕಂಬಳಿ ತುರುಕಿ ಕೊಳವೆಯನ್ನು ಕೂರಿಸಿದೆವು. ಮೇಸ್ತ್ರಿ ಮೇಜಿನಿಂದ ಎದ್ದು ಬಂದ. "ನನ್ನ ಮಿಕ್ಸರ್‌ಗೆ ಏನಯ್ಯ ತಿನ್ನಿಸ್ತಾ ಇದ್ದೀಯ?"

"ಸ್ವಲ್ಪ ಕೆಳಗಿಳಿಸಿ ಮೇಸ್ತ್ರಿ. ಒಂದು ಕೂದಲೆಳೆ."

"ಮೂವತ್ತು ವರ್ಷ ಈ ಚಕ್ರ ತಿರುಗಿಸಿದ್ದೀನಿ, ಕೂದಲೆಳೆ ಅಂತ ಯಾರೂ ಕೇಳಿರ್ಲಿಲ್ಲ," ಎಂದು ಗೊಣಗುತ್ತ ಮೇಸ್ತ್ರಿ ಅಂಗೈಯಿಟ್ಟು ಒತ್ತಿದ. ಸರಿಯಾಗಿ ಒಂದು ಕೂದಲೆಳೆ ಇಳಿಯಿತು. ಸಹಾಯ ಮಾಡೋಣವೆಂದು ಸ್ತಮೆನಾ ವೈರು ಹಿಡಿದುಕೊಂಡು ಪ್ಲಗ್ಗು ಹುಡುಕುತ್ತಿದ್ದುದನ್ನು ಕಂಡು ಇಪ್ಪತ್ತು ಜನ ಒಟ್ಟಿಗೆ ಬೇಡ ಬೇಡ ಎಂದು ಎದ್ದರು.

ಮೇಜಿನಿಂದ ಎದ್ದವರು ಸಾಲಾಗಿ ನಿಂತರು. ಅತಿಥಿಗಳಲ್ಲವೇ, ವಯಸ್ಸಿನ ಪ್ರಕಾರ. ಮೊದಲು ಮೇಸ್ತ್ರಿ ಬಗ್ಗಿ ನೋಡಿದ. ಟೋಪಿ ತೆಗೆದ, ಇನ್ನೊಮ್ಮೆ ನೋಡಿದ. "ಕಂಬಾನೇ ಇಲ್ವಲ್ಲ. ಬಳೆ ಹೇಗೆ ನಿಂತಿದೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಚಕ್ರದ ಪಕ್ಕ ನಿಂತುಬಿಟ್ಟ. ಒಬ್ರಾದ್ ಬಹಳ ಹೊತ್ತು ನೋಡಿ, "ಹಾಗಾದ್ರೆ ಹೊಗೆಮನೆ ಅಲ್ಲ," ಎಂದ. "ಆದ್ರೆ ನಾನು ಬರೆದುಬಿಟ್ಟಿದ್ದೀನಿ." ಒಬ್ಬೊಬ್ಬರಾಗಿ ಬಗ್ಗಿದರು. ನೋಡಿದವರು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರು. ಮಗ, ತೊಟ್ಟಿಲು, ಮನೆ ಎಲ್ಲ ಮರೆತುಹೋಗಿತ್ತು. ಎಂಟೂವರೆಯಾಯಿತು. ಎರಡು ಬೆರಳು ಉಳಿಯಿತು. ಒಂದು ಬೆರಳು ಉಳಿಯಿತು. ದೆಸಾಂಕಾ ತಟ್ಟೆಗಳ ರಾಶಿ ಹೊತ್ತು ನಮ್ಮ ಪಕ್ಕದಲ್ಲೇ ಮೂರು ಸಲ ಹಾದುಹೋದಳು. ಆ ಕಡೆ ತಲೆ ಎತ್ತಿ ನೋಡಲಿಲ್ಲ.

ನನ್ನ ಸರದಿ ಬಂತು. ಬಗ್ಗಿದೆ. ಹೆಗಲ ಮೇಲೆ ಒಂದು ಕೈ ಬಿತ್ತು.

"ಕೂಮ, ಪಕ್ಕಕ್ಕೆ ಸರಿ," ಎಂದ ತಿಹೊಮಿರ್.

ಸ್ತಮೆನಾ ಕೈಯಲ್ಲಿದ್ದ ಚಮಚ ಕೆಳಗಿಟ್ಟರು. ಅತಿಥಿಯನ್ನು, ಅದರಲ್ಲೂ ಕೂಮನನ್ನು ಸರಿ ಎಂದವನನ್ನು ಆ ಬೀದಿ ಅಲ್ಲಿಯವರೆಗೆ ಕಂಡಿರಲಿಲ್ಲ. ನಾನು ಸರಿದೆ.

"ದೆಸಾಂಕಾ, ತಟ್ಟೆ ಕೆಳಗಿಡು. ಯಾಸ್ನಾ, ನೀನೂ ಬಾ."

"ಜನ ಇದ್ದಾರೆ ತಿಹೊ."

"ಇರ್ಲಿ. ಅವ್ರು ನೋಡಾಯ್ತು. ಇದು ನಮ್ಮ ಗಂಟೆ."

ಮಗುವಿಗೆ ಎಟುಕಲೆಂದು ಮೇಸ್ತ್ರಿ ಡ್ರಮ್ಮನ್ನು ಮೆಲ್ಲಗೆ ತಿರುಗಿಸಿ ನೋಡುವ ಗಾಜನ್ನು ಕೆಳಗೆ ತಂದ. ಯಾಸ್ನಾ ನೋಡಿ ಅಪ್ಪನ ಮುಖ ನೋಡಿದಳು. "ಅಪ್ಪ, ಒಳಗೆ ಚಿತ್ರ ಅಂಟಿಸಿದ್ದೀಯಾ?" ಎಂದಳು. ಅಲ್ಲ ಎಂದ ಮೇಲೆ ಮತ್ತೆ ಬಗ್ಗಿ ನೋಡಿದಳು.

ದೆಸಾಂಕಾ ಏಪ್ರನ್ನಿಗೆ ಕೈ ಒರೆಸಿಕೊಂಡು ಬಗ್ಗಿದಳು.

ನಾನು ಆ ದಿನ ಶನಿಯನ್ನು ನೋಡಲಿಲ್ಲ, ಆಮೇಲೂ ನೋಡಲಿಲ್ಲ. ಬೋಲ್ಟಿನ ಕಾರ್ಖಾನೆಯೂ ಹೋಯಿತು, ಕಾಲುಚೀಲದ್ದೂ ಹೋಯಿತು, ಆ ಸಾಲಿನಲ್ಲಿ ನಿಂತವರಲ್ಲಿ ಅರ್ಧ ಜನ ಈಗಿಲ್ಲ. ಆ ನಾಲ್ಕು ಕಂಬಗಳ ಮೇಲೆ ದ್ರಾಕ್ಷಿ ಹಬ್ಬಿದೆ. ಹಾಳಾದ ಆ ಬೀದಿ, ಹಾಳಾದ ಆ ಕಾಫಿಯ ಜನ, ಅವರೆಲ್ಲ ಒಮ್ಮೆ ಬಂದು ಅಂಗಳದಲ್ಲಿ ಕೂರಲಿ, ನಾನು ಗಡಿಯಾರದ ಕಡೆ ನೋಡುವುದಿಲ್ಲ. ಬಳೆ ನೋಡಲಿಲ್ಲವೆಂಬ ಬೇಸರ ನನಗಿಲ್ಲ. ನಾನು ದೆಸಾಂಕಾ ನೋಡುವುದನ್ನು ನೋಡಿದೆ. ಬೆಳಗಿನಿಂದ ಒಂದು ಕಡೆ ನಿಲ್ಲದಿದ್ದವಳು ಅಲ್ಲಾಡದೆ ನಿಂತಿದ್ದಳು. ಅವಳ ಬೆನ್ನ ಮೇಲೆ ಕೈಯಿಡಬೇಕೋ ಬೇಡವೋ ಎಂದು ತಿಳಿಯದೆ ತಿಹೊಮಿರ್ ಪಕ್ಕದಲ್ಲಿ ನಿಂತಿದ್ದ. ಮೇಸ್ತ್ರಿಯ ಅಂಗೈ ಚಕ್ರದ ಮೇಲೆ ಕೂದಲೆಳೆ ಕೂದಲೆಳೆಯಾಗಿ ಇಳಿಯುತ್ತಿತ್ತು.

ಒಳಗೆ ಕಾಫಿ ಉಕ್ಕುತ್ತಿದೆ ಎಂದು ಯಾರೋ ಹೇಳಿದರು. ಒಬ್ಬರೂ ಅಲುಗಲಿಲ್ಲ.

"ಕಾಣ್ತಿದ್ಯಾ?" ಎಂದ ತಿಹೊಮಿರ್. "ಇನ್ನೊಂದೆರಡು ನಿಮಿಷ ಅಷ್ಟೇ ಇರೋದು, ಆಮೇಲೆ ಗೋಡೆ ಹಿಂದೆ..."

ದೆಸಾಂಕಾ ಕಣ್ಣು ತೆಗೆಯಲಿಲ್ಲ. ಕೈಯನ್ನು ಮಾತ್ರ ಹಿಂದಕ್ಕೆ ಚಾಚಿ ಅವನ ತೋಳು ಹುಡುಕಿ ಹಿಡಿದುಕೊಂಡಳು.

"ಮಾತಾಡ್ಬೇಡ ತಿಹೊ. ನಂಗೀಗ ಪುರುಸೊತ್ತಿದೆ."